ಸಮಪಥೇಶ್ವರನು ಬೆಟ್ಟವಿಳಿದ ಮಹಿಮೆ

ದ್ವಾಪರಯುಗವು ಇಳಿಮುಖವಾಗಿದ್ದ ಕಾಲದಲ್ಲಿ, ಪಡುಗಡಲ ತೀರದ ತಪೋವನವೊಂದರಲ್ಲಿ ವಿಪುಲೆಯೆಂಬ ತಪಸ್ವಿನಿಯಿದ್ದಳು. ಬಾಲ್ಯದ ವಿಷಮಜ್ವರದಿಂದ ಎಡಗಾಲು ಒಣಗಿ ಊರುಗೋಲಿಲ್ಲದೆ ಹೆಜ್ಜೆಯಿಡಲಾರದವಳಾಗಿದ್ದರೂ, ದಕ್ಷಿಣದ ಕೃಷ್ಣಶಿಲಾಗಿರಿಯ ನೆತ್ತಿಯಲ್ಲಿ ನೆಲೆಸಿದ್ದ ಪರಮೇಶ್ವರನನ್ನು ಕಾಲ್ನಡಿಗೆಯಲ್ಲೇ ಹೋಗಿ ಕಾಣಬೇಕೆಂಬುದು ಆಕೆಯ ಸಂಕಲ್ಪವಾಗಿತ್ತು.

ಮಾಘಮಾಸದಲ್ಲಿ ಆಶ್ರಮವಾಸಿಗಳೆಲ್ಲ ಯಾತ್ರೆಗೆ ಹೊರಟಾಗ, ಅವರಲ್ಲಿ ಹಿರಿಯನಾದ ಉದ್ದಾಮಮುನಿಯು ಆಕೆಯನ್ನು ತಡೆದು, "ತಾಯೀ, ಘಟ್ಟ ಹತ್ತುವುದು ನಿನ್ನಿಂದಾಗದು. ಸುಮ್ಮನೆ ಹಟ ಮಾಡಬೇಡ. ಪ್ರಸಾದ ತಂದುಕೊಡುತ್ತೇವೆ" ಎಂದನು.

ವಿಪುಲೆಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಪುಣ್ಯವನ್ನು ನೀವು ದೊನ್ನೆಯಲ್ಲಿ ಹೊತ್ತು ತರಬೇಕಾಗಿಲ್ಲ!" ಎಂದವಳೇ, ಏರಿಳಿತದ ಘಟ್ಟಮಾರ್ಗವನ್ನೂ ಜನರ ನೂಕುನುಗ್ಗಲಿನ ರಾಜಮಾರ್ಗವನ್ನೂ ಬಿಟ್ಟು, ನಿರ್ಜನವಾದ ಕಡಲತಡಿಯನ್ನೇ ಆರಿಸಿಕೊಂಡಳು. ನೀರಿಳಿದಾಗ ಹಸಿಮರಳು ಗಟ್ಟಿಯಾಗಿ ಸಮನಾಗಿರುತ್ತಿತ್ತು, ಆಗ ನಡೆದಳು. ನೀರೇರಿದಾಗ ಕೇದಗೆಯ ನೆರಳಿನಲ್ಲಿ ಕಾಲು ಚಾಚಿ ಕುಳಿತಳು. ಅಳಿವೆಗಳನ್ನು ಅಂಬಿಗರು ದಾಟಿಸಿದರು. ಬೇಗ ಬೇಗ ಎಂದು ಬೆನ್ನಹಿಂದೆ ಗದರುವವರಿಲ್ಲದ ಆ ದಾರಿಯಲ್ಲಿಯೂ ಆಕೆಯ ಸಿಟ್ಟು ಮಾತ್ರ ತಣಿಯಲಿಲ್ಲ.

ಕಡೆಗೊಂದು ಮಧ್ಯಾಹ್ನ ಕೃಷ್ಣಶಿಲಾಗಿರಿಯು ಎದುರಾಯಿತು. ಮೊಣಕಾಲೆತ್ತರದ ಮೆಟ್ಟಿಲುಗಳು ನೇರ ಮೇಲಕ್ಕೆ ಹೋಗಿದ್ದವು. ಮೇಲಿನಿಂದ ಜತೆಯವರ ಘಂಟಾನಾದ ಕೇಳುತ್ತಿತ್ತು. ವಿಪುಲೆ ತೆವಳಿ ಹತ್ತಿದಳು, ಜಾರಿದಳು, ಮತ್ತೆ ಹತ್ತಿ ಮತ್ತೆ ಉರುಳಿಬಿದ್ದಳು. ಅಂಗೈ ಸುಲಿದು ನೆತ್ತರು ಸೋರಿತು. ಹಿಂದೆ ಕಡಲು ಏರತೊಡಗಿತ್ತು.

"ಎಲೈ ಶಂಭೋ! ಈ ಕಾಲನ್ನು ಕೊಟ್ಟವನೂ ನೀನೇ, ಈ ಮೆಟ್ಟಿಲ ತುದಿಗೆ ಹೋಗಿ ಕುಳಿತವನೂ ನೀನೇ! ಕಾಲು ಗಟ್ಟಿಯಿದ್ದವರಿಗೆ ಮಾತ್ರ ನೀನು ದೇವರೋ?" ಎಂದು ಊರುಗೋಲನ್ನೆತ್ತಿ ಬಂಡೆಗೆ ಅಪ್ಪಳಿಸಿದಳು.

ಆಗ ಮೇಘಗಂಭೀರವಾದ ಅಶರೀರವಾಣಿಯು, "ವತ್ಸೇ, ಪ್ರಸನ್ನನಾದೆನು. ನಿನ್ನ ಕಾಲನ್ನು ನೆಟ್ಟಗಾಗಿಸುವೆನು, ಏರಿ ಬಾ" ಎಂದು ನುಡಿಯಿತು.

ಅದನ್ನು ಕೇಳಿ ಆಕೆಯ ಕೋಪ ಇಮ್ಮಡಿಯಾಯಿತು. "ಈ ಕಾಲಿನಲ್ಲೇ ಇಷ್ಟು ದೂರ ಬಂದಿದ್ದೇನೆ. ನೆಟ್ಟಗಾಗಬೇಕಾದದ್ದು ನಿನ್ನ ದಾರಿ! ನಾಳೆ ನನ್ನಂಥವರು ಇನ್ನೆಷ್ಟು ಮಂದಿ ಬರುವರೋ, ಅವರಿಗೇನು ಹೇಳುವೆ?"

 ಆ ಮಾತು ಮುಗಿಯುತ್ತಲೇ ಸಿಡಿಲೆರಗಿದಂತೆ ಬಂಡೆಯು ಬುಡದಿಂದ ನೆತ್ತಿಯವರೆಗೆ ಸೀಳಿ, ಶಿಖರದ ಲಿಂಗವು ಆ ಸೀಳಿನಲ್ಲಿ ಜಾರಿ ಮರಳಿನ ಮಟ್ಟಕ್ಕೆ ಬಂದು ನೆಲೆಗೊಂಡಿತು; ಅದರ ಬುಡದಲ್ಲಿ ಸಿಹಿನೀರು ಉಕ್ಕಿತು. "ಮಗಳೇ, ತಪ್ಪು ನನ್ನದು. ಇನ್ನು ನನ್ನ ವಾಸ ಇಲ್ಲೇ" ಎಂದಿತು ವಾಣಿ. ಬರಿದಾದ ಪೀಠವನ್ನು ಕಂಡು ಬೆದರಿ ಕೆಳಗೋಡಿಬಂದ ಉದ್ದಾಮಮುನಿಯು ಕೈಮುಗಿದು ನಿಂತರೂ, ಅಭಿಷೇಕದಲ್ಲಿ ತೊಡಗಿದ್ದ ವಿಪುಲೆ ತಿರುಗಿ ನೋಡಲಿಲ್ಲ.

ಉಪ್ಪುನೀರಿನ ನಡುವೆ ಇಂದಿಗೂ ಬತ್ತದ ಆ ವಿಪುಲಾತೀರ್ಥವನ್ನೂ ಬಂಡೆ ಸೀಳಿ ಉಂಟಾದ, ಮೆಟ್ಟಿಲೊಂದೂ ಇಲ್ಲದ ಆ ಶಿಲಾದ್ವಾರವನ್ನೂ ಭಕ್ತಾದಿಗಳು ಕಣ್ಣಾರೆ ಕಾಣಬಹುದು. ಮಾಘದ ಅಮಾವಾಸ್ಯೆಯಂದು, ಅಂದಿನಿಂದ ಸಮಪಥೇಶ್ವರನೆನಿಸಿದ ಆ ದೇವನ ಮೊದಲ ದರ್ಶನ ನಡೆಯಲಾರದವರಿಗೇ. ಮಿಕ್ಕವರು, ಅವರು ಯಾವ ಅರಸರೇ ಆಗಿರಲಿ, ಅಷ್ಟು ಹೊತ್ತೂ ಹೊರಗಿನ ಸುಡುಬಿಸಿಲಿನಲ್ಲಿ ನಿಂತಿರತಕ್ಕದ್ದು.