ಕೆರೆದ ಹಂಡೆ

"ಬುದ್ಧೀ, ಒಬ್ಬರ ತಪ್ಪು ಕಣ್ಣಿಗೆ ಕಂಡ ಮೇಲೂ ತಿದ್ದದೆ ಸುಮ್ಮನಿರುವುದು ಸರಿಯೇ?" ಎಂದು ಗುರುಪಾದ ಮಠದ ಗುರುಗಳನ್ನು ಕೇಳಿದ.

ಗುರುಪಾದ ಮಠಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅಡುಗೆ ನೋಡಿಕೊಳ್ಳುವ ಮುದುಕ ಮರುಳಯ್ಯ ಎಲ್ಲರ ಮೇಲೂ ರೇಗುತ್ತಾನೆ, ಅನ್ನ ಬಡಿಸುವಾಗಲೂ ಗೊಣಗುತ್ತಾನೆ ಎಂಬುದು ಅವನ ದೂರು. ನಾಳೆ ಪಂಕ್ತಿಯಲ್ಲಿ ಎಲ್ಲರ ಎದುರಿಗೇ ಹೇಳಿಬಿಡುವುದೆಂದು ತೀರ್ಮಾನಿಸಿಕೊಂಡು ಅಪ್ಪಣೆ ಕೇಳಲು ಬಂದಿದ್ದ.

ಗುರುಗಳು ಅವನಿಗೆ ಕೂರಲು ಹೇಳಿದರು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಾಳಿ ಇದೆ" ಎಂದು ಶುರುಮಾಡಿದರು.

ಬಯಲುಸೀಮೆಯಲ್ಲಿ ಒಂದು ಪೇಟೆ. ಅಲ್ಲಿ ನಲ್ಲಿಯಲ್ಲಿ ಬರುವುದು ಕೊಳವೆ ಬಾವಿಯ ಗಡಸು ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಬಿಳಿ ಪಂಚೆ ನಾಲ್ಕು ಸಲ ಒಗೆದರೆ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಊರಿನವರಿಗೆ ಅದೇನೂ ದೊಡ್ಡ ಕಷ್ಟವಲ್ಲ. ಬೇಳೆಯನ್ನು ಬೇಗ ನೆನೆಹಾಕುತ್ತಾರೆ, ತಲೆಗೆ ಸೀಗೆಪುಡಿ ಹಾಕಿ ಉಜ್ಜುತ್ತಾರೆ, ಹಾಯಾಗಿದ್ದಾರೆ. ಬೇರೆ ಊರಿಗೆ ಹೋದರೆ ಅಲ್ಲಿಯ ನೀರು ಬರೀ ಸಪ್ಪೆ ಎಂದು ಬಯ್ದು ವಾಪಸು ಬರುತ್ತಾರೆ.

ಆ ಊರಿನ ಒಂದು ಮನೆಗೆ ಹೊಳೆದಂಡೆಯ ಕಡೆಯಿಂದ ಸೊಸೆ ಬಂದಳು. ಚುರುಕಿನ ಹುಡುಗಿ, ಮೈಮುರಿದು ಕೆಲಸ ಮಾಡುವವಳು. ಬಾಯಿ ಮಾತ್ರ ಸ್ವಲ್ಪ ಮುಂದು. ಬೀದಿಯ ನಲ್ಲಿಗೆ ಬಿಂದಿಗೆ ಹಿಡಿದು ಬಂದಾಗಲೆಲ್ಲ, "ಇದೂ ಒಂದು ನೀರೇ? ನಮ್ಮೂರಲ್ಲಿ ದನದ ಮೈ ತೊಳೆಯುವುದಕ್ಕೂ ಇಂಥದ್ದನ್ನು ಮುಟ್ಟುವುದಿಲ್ಲ" ಎನ್ನುವಳು. ಬೀದಿಯ ಹೆಂಗಸರು ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು. ಮರೆಯುತ್ತಿರಲಿಲ್ಲ.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಬಚ್ಚಲುಮನೆಯ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಬೇಕು. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು ಸಂಜೆ ಹೊಸ ನೀರು ತುಂಬಿಡಬೇಕು. ಮರುದಿನ ಬೆಳಗಿನ ಜಾವ ಆ ನೀರು ಕಾಯಿಸಿ ಮನೆಮಂದಿಯೆಲ್ಲ ಎಣ್ಣೆಸ್ನಾನ ಮಾಡಬೇಕು. ಇದು ಎಲ್ಲ ಕಡೆಯೂ ಇದೆ. ಆದರೆ ಆ ಪೇಟೆಯವರು ಹಂಡೆಯ ಹೊರಮೈ ಮಾತ್ರ ಬೆಳಗುತ್ತಾರೆ, ಒಳಗೆ ಕೈ ಹಾಕುವುದಿಲ್ಲ. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಹಿಂದಿನಿಂದ ಹಾಗೇ ನಡೆದುಬಂದಿದೆ.

ಆ ವರ್ಷ ಮನೆಯ ಮಗಳಿಗೆ ಮದುವೆಯಾಗಿತ್ತು. ಹೊಸ ಅಳಿಯ ಮೊದಲ ದೀಪಾವಳಿಗೆ ಬಂದಿಳಿದಿದ್ದ. ಅಳಿಯನ ಎಣ್ಣೆಸ್ನಾನದಲ್ಲಿ ಏನಾದರೂ ಕೊರತೆಯಾದರೆ ಬೀಗರು ಅದನ್ನು ಆಡಿಕೊಳ್ಳುವುದು ಬಿಡುವುದಿಲ್ಲ. ಆ ಮಾತನ್ನು ಅಲ್ಲಿ ದಿನಾ ಕೇಳಿಕೊಂಡು ಬಾಳಬೇಕಾದವಳು ಮಗಳು. "ನೀರಿನ ಕೆಲಸ ನನಗೆ ಬಿಟ್ಟುಬಿಡಿ ಅತ್ತೆ, ನಾನು ನೋಡಿಕೊಳ್ಳುತ್ತೇನೆ" ಎಂದು ಸೊಸೆಯೇ ಮುಂದೆ ಬಂದಳು.

ಹಂಡೆಯೊಳಗೆ ಬಗ್ಗಿ ನೋಡಿದರೆ ತಳದಲ್ಲಿ ಬೆರಳು ದಪ್ಪ ಬಿಳಿ ಪೊರೆ ಕಟ್ಟಿತ್ತು. ಹೊರಗೆ ಥಳಥಳ, ಒಳಗೆ ಇಂಥ ಹೊಲಸು, ಇದೆಂಥ ಪದ್ಧತಿ ಎಂದುಕೊಂಡಳು. ಹುಣಸೆಹುಳಿ ಸುರಿದು ನೆನೆಸಿ, ದೋಸೆ ಮಗುಚುವ ಸಟ್ಟುಗದಿಂದ ಕೆರೆದಳು. ಪೊರೆ ಹಪ್ಪಳದಂತೆ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಒಳಗಿನ ತಾಮ್ರ ಕೆಂಪಗೆ ಹೊಳೆಯಿತು. ಅವಳಿಗೆ ಹಿಗ್ಗೋ ಹಿಗ್ಗು, ಗಂಡನನ್ನು ಕರೆದು ತೋರಿಸಿದಳು. ಅವನೂ ಭೇಷ್ ಎಂದ. ಸಂಜೆ ನೀರು ತುಂಬಿ ಪೂಜೆ ಮಾಡಿ ಎಲ್ಲರೂ ಮಲಗಿದರು.

ಬೆಳಗಿನ ಜಾವ ಅತ್ತೆ ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ನೆತ್ತಿಗೆ ಧಾರಾಳವಾಗಿ ಎಣ್ಣೆ ಒತ್ತಿದಳು. ಎಣ್ಣೆ ಮೈಗೆ ಹಿಡಿಯುವಷ್ಟರಲ್ಲಿ ನೀರು ಕಾಯಲೆಂದು ಸೊಸೆ ಒಲೆ ಹೊತ್ತಿಸಲು ಹೋದಳು. ಹಂಡೆ ಬರಿದಾಗಿತ್ತು. ತಳದಲ್ಲಿ ಸೂಜಿ ತೂರುವಷ್ಟು ಒಂದು ತೂತು. ರಾತ್ರಿಯೆಲ್ಲ ಸೋರಿದ ನೀರಿಗೆ ಒಲೆಯೊಳಗಿನ ಸೌದೆಯೂ ನೆನೆದುಹೋಗಿತ್ತು.

"ಅತ್ತೆ, ಹಂಡೆ ಹಾಳು ಮಾಡಿಬಿಟ್ಟೆ" ಎಂದು ಅವಳು ಅಲ್ಲೇ ಕುಕ್ಕರಿಸಿ ಅತ್ತಳು.

ಅತ್ತೆ ಬಗ್ಗಿ ತೂತು ನೋಡಿದಳು. "ಇದು ನೀನು ಮಾಡಿದ್ದಲ್ಲ ಕಣೇ. ನಿನ್ನ ಗಂಡ ತೊಟ್ಟಿಲಲ್ಲಿದ್ದಾಗ ಬಿದ್ದದ್ದು. ನಮ್ಮ ನಲ್ಲಿ ನೀರೇ ಪೊರೆ ಕಟ್ಟಿ ಇದನ್ನು ಮುಚ್ಚಿಕೊಂಡು ಬಂದಿತ್ತು. ನನಗೂ ಮರೆತೇ ಹೋಗಿತ್ತು ನೋಡು. ಅಳುವುದು ಆಮೇಲೆ, ಅಲ್ಲಿ ಅಳಿಯಂದಿರ ಕಣ್ಣಿಗೆ ಎಣ್ಣೆ ಇಳಿಯುತ್ತಿದೆ" ಎಂದಳು.

ನಲ್ಲಿ ಬಿಡುವುದು ಮಧ್ಯಾಹ್ನ. ಆ ನೀರಿನಲ್ಲಿ ತಲೆಯ ಎಣ್ಣೆ ಬಿಡಿಸಬೇಕಾದರೆ ಒಂದೆರಡು ಬಿಂದಿಗೆ ಎಲ್ಲಿಗೂ ಸಾಲದು. ಬೀದಿಯ ಎಲ್ಲ ಮನೆಗಳಲ್ಲೂ ಹಂಡೆ ಕಾಯುತ್ತಿತ್ತು. ಕೇಳಿ ತರಲು ಅತ್ತೆ ಹೊರಟಳು. ಸೊಸೆ ಅವಳ ಕೈಯಿಂದ ಬಿಂದಿಗೆ ಕಸಿದುಕೊಂಡಳು. ಕೆರೆದವಳು ತಾನು, ತಾನೇ ಹೋಗಬೇಕು ಎಂದಳು. ಹೇಳಿದಷ್ಟು ಸುಲಭವಾಗಿರಲಿಲ್ಲ. ವರ್ಷವೆಲ್ಲ ಯಾರ ನೀರನ್ನು ಹೀಗಳೆದಿದ್ದಳೋ ಅವರ ಬಾಗಿಲಿಗೇ ಹೋಗಿ ನಿಲ್ಲಬೇಕಿತ್ತು.

ಎದುರು ಮನೆಯಾಕೆ ಬಿಂದಿಗೆ ನೋಡಿದಳು, ಅವಳ ಮುಖ ನೋಡಿದಳು. "ದನಕ್ಕೂ ಆಗದ ನೀರು ನಿಮ್ಮ ಅಳಿಯಂದಿರಿಗೆ ಆದೀತೇನಮ್ಮ?" ಎಂದು ಕೇಳಿದಳು.

"ಆಗುತ್ತೆ ಅಕ್ಕಾ. ಇಲ್ಲ ಅನ್ನಬೇಡಿ" ಎಂದಳು ಸೊಸೆ.

ಆಕೆಗೆ ನಗು ತಡೆಯಲಾಗಲಿಲ್ಲ. ಬಿಂದಿಗೆ ತುಂಬಿಕೊಟ್ಟಳು. ಸಾಲದೆಂದು ಇನ್ನೊಂದು ಕೊಡವನ್ನು ತಾನೇ ಸೊಂಟಕ್ಕೇರಿಸಿಕೊಂಡು ಹಿಂದೆಯೇ ಬಂದಳು. ಅದನ್ನು ಕಂಡು ಪಕ್ಕದ ಮನೆಯವಳು ತಂದಳು, ಮೂಲೆಮನೆಯ ಮುದುಕಿಯೂ ಒಂದು ತಂಬಿಗೆ ಹಿಡಿದು ಬಂದಳು. ಅಳಿಯ ಇಡೀ ಬೀದಿಯ ಬಿಸಿನೀರಿನಲ್ಲಿ ಮಿಂದ. ಅಂಥ ಸ್ನಾನ ಜನ್ಮದಲ್ಲಿ ಮಾಡಿರಲಿಲ್ಲ ಎಂದು ತನ್ನ ಮನೆಯಲ್ಲಿ ಈಗಲೂ ಹೇಳಿಕೊಂಡು ತಿರುಗುತ್ತಾನಂತೆ.

ಹಂಡೆಯನ್ನು ಬೆಸುಗೆಗೆ ಕೊಡಲಿಲ್ಲ. ಸೊಸೆ ದಿನವೂ ತುಂಬಿದಳು, ಅದು ದಿನವೂ ತೊಟ್ಟಿಕ್ಕಿತು. ಯುಗಾದಿಯ ಹೊತ್ತಿಗೆ ಮತ್ತೆ ಪೊರೆ ಕಟ್ಟಿ ಸೋರುವುದು ನಿಂತಿತು. ನಲ್ಲಿಯ ಹತ್ತಿರ ಅವಳು ಈಗಲೂ ಆ ನೀರನ್ನು ಬಯ್ಯುತ್ತಾಳೆ. ಉಳಿದ ಹೆಂಗಸರೂ ಅವಳ ಜೊತೆ ಸೇರಿ ಬಯ್ಯುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. "ಅಂದರೆ ಯಾರ ತಪ್ಪನ್ನೂ ತಿದ್ದಲು ಹೋಗಬಾರದು ಎಂದಾಯಿತಲ್ಲ ಬುದ್ಧೀ?" ಎಂದ ಗುರುಪಾದ.

"ಬೇಡ ಎಂದವರು ಯಾರು? ನಾಳೆಯೇ ಹೇಳು. ಹೇಳಿದ ಮೇಲೆ ಆ ಮುದುಕ ಒಲೆಯ ಮುಂದೆ ಕೂತು ಅತ್ತರೆ, ಪಕ್ಕದಲ್ಲಿ ಹೋಗಿ ಕೂರುವವನು ನೀನೇ ತಾನೇ?"