ಟಿವಿಗೆ ಒಪ್ಪಿದ ಸೀರೆ

ಈರಸಂಗಪ್ಪ ಎಂಬ ಸೀರೆ ವ್ಯಾಪಾರಿಗೆ ಒಂದು ಹಠವಿತ್ತು. ಯಾವುದೇ ಆಗಲಿ, ತುಂಬಿರಬೇಕು. ಊಟಕ್ಕೆ ಕೂತರೆ ತಾಟು ತುಂಬಿರಬೇಕು, ಅಂಗಡಿಯಲ್ಲಿ ಕಪಾಟು ತುಂಬಿರಬೇಕು, ಗಾದಿಯ ಮೇಲೆ ಗಿರಾಕಿ ತುಂಬಿರಬೇಕು. ಹಠ ಕೆಟ್ಟದ್ದೇನಲ್ಲ. ಆದರೆ ಅದು ಹೋಗಿ ಒಬ್ಬಾಕೆಯ ಮಗ್ಗಕ್ಕೆ ತಗುಲಿಕೊಂಡ ಬಗೆ ಕೇಳಿ.

ಅವನು ಮನೆಗೆ ಒಂದು ದೊಡ್ಡ ಟಿವಿ ತಂದ. ಹಳೆಯ ಕಪ್ಪು-ಬಿಳುಪು ಸಿನಿಮಾ ಎಂದರೆ ಅವನಿಗೆ ಪ್ರಾಣ. ಹಳೆಯ ಸಿನಿಮಾ ಹೆಚ್ಚುಕಡಿಮೆ ಚೌಕ, ಈಗಿನ ಟಿವಿ ಅಡ್ಡಡ್ಡ ಉದ್ದ. ಹೀಗಾಗಿ ಚಿತ್ರ ನಡುವೆ ನಿಂತು ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಉಳಿಯಿತು.

"ಪೂರಾ ಟಿವಿ ತಂದೀನಿ, ಇದು ನೋಡಿದ್ರ ಮುಕ್ಕಾಲು ತೋರಸಾಕತ್ತೈತಿ" ಎಂದು ಸಿಟ್ಟಾದ. ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದ. ಯಾವುದೋ ಒಂದನ್ನು ಒತ್ತಿದಾಗ ಚಿತ್ರ ಹಿಗ್ಗಿ ಕಪ್ಪು ಪಟ್ಟಿ ಮಾಯವಾಯಿತು. ಜೊತೆಗೆ ನಾಯಕನ ಪೇಟದ ತುದಿಯೂ ನಾಯಕಿಯ ಪಾದಗಳೂ ಪರದೆಯ ಆಚೆ ಹೋದವು. ಅದು ಅವನ ಗಮನಕ್ಕೆ ಬರಲಿಲ್ಲ. ಪರದೆ ತುಂಬಿತಲ್ಲ, ಅವನಿಗೆ ಅಷ್ಟು ಸಾಕಿತ್ತು.

ಅಂದಿನಿಂದ ರಿಮೋಟು ಅವನ ಅಂಗಿಯ ಜೇಬು ಸೇರಿತು. ಬೇರೆಯವರು ಮುಟ್ಟಿ ಕೆಡಿಸಿಯಾರು ಎಂಬ ಭಯ. ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಈರಸಂಗಪ್ಪನ ಜೇಬಿನಲ್ಲಿ ರಿಮೋಟು ಇತ್ತು ಎಂದು ಓಣಿಯವರು ನಗುತ್ತಿದ್ದರು.

ಸೀರೆ ಅಂಗಡಿಯ ಕೆಲಸ ನಿಮಗೆ ಗೊತ್ತಿದೆ. ಗಿರಾಕಿ ಬೆರಳು ತೋರಿಸಿದ್ದನ್ನೆಲ್ಲ ಬಿಚ್ಚಿ ಹರವಬೇಕು. ಒಂದು ಸೀರೆ ಮಾರಾಟವಾಗುವುದರೊಳಗೆ ಗಾದಿಯ ಮೇಲೆ ಗುಡ್ಡ ಬಿದ್ದಿರುತ್ತದೆ. ಮಡಿಕೆ ಕೆಡುತ್ತದೆ, ಮತ್ತೆ ಮಡಚಲು ಸಂಜೆ ಸಾಲುವುದಿಲ್ಲ. ಅದಕ್ಕೆ ಈರಸಂಗಪ್ಪ ಒಂದು ಉಪಾಯ ಮಾಡಿದ. ಮನೆಯ ಟಿವಿಯನ್ನು ಅಂಗಡಿಯ ಗೋಡೆಗೆ ಹಾಕಿಸಿದ. ಸೊಸೆ ಅನ್ನಪೂರ್ಣಾ ಪ್ರತಿ ಸೀರೆಯ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದಳು. ಸಿನಿಮಾ ನೋಡಲು ಡಿಶ್ ಬಾಕ್ಸಿನ ವೈರು ಎಲ್ಲಿ ಚುಚ್ಚಿತ್ತೋ ಅದೇ ಕಂಡಿಗೆ ಕಂಪ್ಯೂಟರಿನ ವೈರು ಚುಚ್ಚಿದಳು. ಗಿರಾಕಿ ಮೊದಲು ಟಿವಿಯಲ್ಲಿ ನೋಡುವುದು, ಒಪ್ಪಿದರೆ ಮಾತ್ರ ಕಪಾಟಿನಿಂದ ಇಳಿಸುವುದು. ಮಾವನ ಅಪ್ಪಣೆಯಂತೆ ಫೋಟೋ ಕೂಡ ತುಂಬಿತ್ತು. ಮೇಲಿನ ದಡಿಯಿಂದ, ಎಂದರೆ ಅಂಚಿನಿಂದ, ಕೆಳಗಿನ ದಡಿಯವರೆಗೆ ಬರೀ ಸೀರೆ, ಒಂದು ಬೆರಳು ಖಾಲಿ ಜಾಗ ಇರಲಿಲ್ಲ.

ಅಂಗಡಿಗೆ ಸೀರೆ ನೇದು ಕೊಡುವವರಲ್ಲಿ ಶಂಕ್ರವ್ವ ಒಬ್ಬಳು. ಬಾಕಿಯವರ ಸೀರೆಗಳ ದಡಿ ಎಂಟು ಬೆರಳು ಅಗಲದ್ದಾದರೆ ಅವಳದು ಎರಡೇ ಬೆರಳಿನದು. ಅದರಲ್ಲಿ ಹುಣಸೆಬೀಜದ ಸಾಲು. ಅವಳ ತಾಯಿ ಕಲಿಸಿದ್ದು ಅದು. ತಾಯಿ ಹೋದ ಮೇಲೆ ಆ ದಡಿ ನೇಯುವ ಕೈ ನೇಕಾರರ ಓಣಿಯಲ್ಲಿ ಇದೊಂದೇ ಉಳಿದಿತ್ತು.

ಟಿವಿ ಬಂದ ಮೇಲೆ ಶಂಕ್ರವ್ವನ ಸೀರೆ ಹೋಗುವುದು ನಿಂತಿತು.

ಬೇರೆ ಸೀರೆಗಳ ದಡಿ ತುಸು ಸಣ್ಣದಾಗಿಯಾದರೂ ಪರದೆಯಲ್ಲಿ ಕಾಣುತ್ತಿತ್ತು. ಶಂಕ್ರವ್ವನ ಸೀರೆಯಲ್ಲಿ ದಡಿಯೇ ಇರಲಿಲ್ಲ. "ಬೋಳು ಸೀರಿ ಯಾರು ಉಡ್ತಾರ, ಮುಂದಿಂದು ತೋರಸ್ರಿ" ಎನ್ನುತ್ತಿದ್ದರು ಹೆಂಗಸರು. ಕಪಾಟಿನಿಂದ ಇಳಿಸಿ ತೋರಿಸೋಣ ಎಂದರೆ ಅಂಗಡಿಯ ಹೊಸ ರಿವಾಜು ಅಡ್ಡ ಬರುತ್ತಿತ್ತು.

ಅನ್ನಪೂರ್ಣಾ ತನ್ನ ಕೈಲಾದದ್ದನ್ನು ಮಾಡಿದಳು. ಕಂಪ್ಯೂಟರಿನಲ್ಲಿ ಪರದೆಯ ಅಳತೆ ಬದಲಿಸಿದಳು. ಅಕ್ಷರ ದಪ್ಪಗಾದವು, ಸೀರೆ ಮಂಜುಮಂಜಾಯಿತು, ದಡಿ ಬರಲಿಲ್ಲ. ಇನ್ನೊಂದು ಅಳತೆ ಇಟ್ಟಳು. ಸೀರೆ ಅಡ್ಡಡ್ಡ ಜಗ್ಗಿದಂತಾಗಿ ಸೆರಗಿನ ನವಿಲು ಬಾತುಕೋಳಿಯಾಯಿತು. ಕಡೆಗೆ ದೂರ ನಿಂತು ಫೋಟೋ ತೆಗೆದಳು. ದಡಿ ಬಂತು, ಆದರೆ ಸುತ್ತ ಖಾಲಿ ಚಾಪೆಯೂ ಬಂತು.

"ನಾ ಚಾಪಿ ಮಾರಾಕ ಕುಂತಿಲ್ಲ" ಎಂದ ಮಾವ. "ತುಂಬಿರಬೇಕು. ತಗಿ ಇದನ್ನ."

ಅವಳು ಇನ್ನೊಂದು ಮಾತು ಹೇಳಿ ನೋಡಿದಳು. "ಮಾವಾರ, ಕಂಪ್ಯೂಟರ್ ತಳದಾಗ ಗಡಿಯಾರ ಇರ್ತೈತ್ರಿ. ಟಿವಿಯೊಳಗ ಅದೂ ಕಾಣವಲ್ದು. ಸೀರಿದಷ್ಟ ತಪ್ಪಲ್ಲ ಅನಸ್ತೈತಿ. ರಿಮೋಟ್ ಒಂದೀಟು ಕೊಡ್ರಿ, ನೋಡ್ತೀನಿ."

ಈರಸಂಗಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡ. "ಗಡಿಯಾರ ಗ್ವಾಡಿ ಮ್ಯಾಲೆ ಐತಲ್ಲ, ಅದನ್ನ ನೋಡು. ಟಿವಿ ಸರಿ ಐತಿ. ಉಳಿದವರ ದಡಿ ಕಾಣಾಕತ್ತೈತಿ, ಆಕಿದೊಂದ ಕಾಣವಲ್ದು. ಅಂದ್ರ ಆಕಿ ನೇಯೂದ್ರಾಗ ತಪ್ಪೈತಿ."

ಲೆಕ್ಕ ಸರಿಯಾಗಿದೆ ಅನ್ನಿಸುತ್ತದಲ್ಲವೆ? ಹತ್ತು ಜನ ದಾಟಿದ ಬಾಗಿಲು ಒಬ್ಬರ ಹಣೆಗೆ ಬಡಿದರೆ ನಾವೂ ಆ ಒಬ್ಬರ ಎತ್ತರವನ್ನೇ ಬಯ್ಯುತ್ತೇವೆ.

ಶಂಕ್ರವ್ವನಿಗೆ ಕರೆ ಹೋಯಿತು. ಅವಳು ಆಗತಾನೆ ಹೊಸ ಹಾಸು, ಎಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ತಯಾರಿಯಲ್ಲಿದ್ದಳು.

"ಶಂಕ್ರವ್ವ, ನಿನ್ನ ದಡಿ ತೀರಾ ತುದಿಗೈತಿ. ನಾಲ್ಕು ಬಳ್ಳು ಒಳಗ ಸರಸಿ ನೇಯಿ" ಎಂದ ಈರಸಂಗಪ್ಪ.

ಅವಳಿಗೆ ಅರ್ಥವಾಗಲಿಲ್ಲ. "ಒಳಗ ಅಂದ್ರ? ದಡಿ ಆಚೆ ಏನಿರ್ತೈತ್ರಿ ಸಾವ್ಕಾರ್ರ?"

"ಬೋಳು ಬಟ್ಟಿ ಇರಲಿ. ಟಿವಿಯೊಳಗ ಕಂಡ್ರ ಆತು."

"ದಡಿ ತುದಿಗೇ ಇರೂದಲ್ರೀ. ಟಿವಿದ ಏನರ ತಪ್ಪಿರಬೇಕು, ನೋಡ್ರಿ."

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ಅವನು ರೇಗಿದ. "ಇದೊಂದು ಹಿಂಗ ನೇದು ತಾ. ಇದೂ ಹೋಗಲಿಲ್ಲಂದ್ರ ಹುಣಸಿಬೀಜ ಸಾಕು. ಮುಂದಿನ ಹಾಸು ಬರೇ ಬೋಳು ಸೀರಿದು."

ಶಂಕ್ರವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಲ್ಲ ಎಂದರೆ ತಾಯಿಯ ದಡಿ ಇಂದೇ ನಿಲ್ಲುತ್ತದೆ. ಹ್ಞೂಂ ಎಂದರೆ ತಾಯಿ ನಗುವಂಥ ಸೀರೆಯನ್ನು ತನ್ನ ಕೈಯಾರೆ ನೇಯಬೇಕು. ಮಗ್ಗ ಖಾಲಿ ನಿಂತರೆ ಮನೆ ನಡೆಯುವುದಿಲ್ಲ. ಅವಳು ಹ್ಞೂಂ ಎಂದಳು. ಹಾಸಿನ ಎಳೆಗಳನ್ನು ಬಿಡಿಸಿ, ದಡಿಯ ಬಣ್ಣ ಒಳಕ್ಕೆ ತಂದು, ಆಚೆಗೆ ನಾಲ್ಕು ಬೆರಳು ಬೋಳು ಬಿಟ್ಟು ನೇದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಅಂಥ ಕೆಲಸ. ಆದರೂ ಮನಸ್ಸಿಟ್ಟು ನೇದಳು, ಯಾಕೆಂದರೆ ಕೆಟ್ಟದಾಗಿ ನೇಯಲು ಆ ಕೈಗೆ ಬರುತ್ತಿರಲಿಲ್ಲ.

ಸೀರೆ ಬಂತು. ಫೋಟೋ ಆಯಿತು. ಟಿವಿಯಲ್ಲಿ ನೋಡಿದರೆ ಹುಣಸೆಬೀಜದ ಸಾಲು ಪರದೆಯ ಮೇಲ್ತುದಿಗೂ ಕೆಳತುದಿಗೂ ಬರೆದಿಟ್ಟಂತೆ ಕೂತಿತ್ತು. "ನಾ ಹೇಳಲಿಲ್ಲೇನು?" ಎಂದು ಈರಸಂಗಪ್ಪ ಎಲ್ಲರ ಮುಖ ನೋಡಿದ.

ಮರುದಿನ ಕಾಶೀಬಾಯಿ ಎಂಬಾಕೆ ಮಗಳ ಮದುವೆಯ ಜವಳಿಗೆಂದು ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬಂದಳು. ಶಂಕ್ರವ್ವನೂ ನೂಲು ಒಯ್ಯಲು ಬಂದು ಬಾಗಿಲ ಬಳಿ ಕೂತಿದ್ದಳು. ಟಿವಿಯಲ್ಲಿ ಹೊಸ ಸೀರೆ ಕಂಡದ್ದೇ ಕಾಶೀಬಾಯಿ ತಡೆದಳು. "ಇದು ಭಾಳ ಛಂದ ಐತ್ರೀ ಅಣ್ಣಾರ. ಇಳಸ್ರಿ."

ಇಳಿಸಿದರು. ಮದುಮಗಳು ಕನ್ನಡಿಯ ಮುಂದೆ ನಿಂತು ಉಟ್ಟ ಸೀರೆಯ ಮೇಲೇ ಅದನ್ನು ಸುತ್ತಿ ನಿರಿಗೆ ಹಿಡಿದಳು. ದಡಿ ಕಾಲಿನ ಗಿಣ್ಣಿನ ಮೇಲೆ ನಿಂತಿತು. ಅದರ ಕೆಳಗೆ ನಾಲ್ಕು ಬೆರಳು ಬೋಳು ಬಟ್ಟೆ ಜೋತುಬಿತ್ತು.

"ಏನವ್ವ ಇದು, ಸೀರಿ ಕೆಳಗ ಲಂಗ ಇಣಕಿದಂಗ" ಎಂದಳು ಒಬ್ಬ ಅತ್ತೆ. ಎಲ್ಲರೂ ನಕ್ಕರು. ಮದುಮಗಳು ಸೀರೆ ಬಿಚ್ಚಿ ಗಾದಿಯ ಮೇಲೆ ಹಾಕಿದಳು. ಕಾಶೀಬಾಯಿ ಚೀಲ ಎತ್ತಿಕೊಂಡು, "ನಾವು ಬ್ಯಾರೆ ಕಡೆ ನೋಡ್ತೀವ್ರಿ" ಎಂದು ಚಪ್ಪಲಿ ಮೆಟ್ಟತೊಡಗಿದಳು.

ಈರಸಂಗಪ್ಪನ ಮುಖ ಕೆಂಪಾಯಿತು. ಬಾಗಿಲ ಬಳಿ ಕೂತವಳ ಕಡೆ ತಿರುಗಿದ. "ಎಂಥಾ ಸೀರಿ ನೇದೀ ಶಂಕ್ರವ್ವ? ನಾಕು ಮಂದ್ಯಾಗ ಮಾನಾ ಕಳದಿ."

ಶಂಕ್ರವ್ವ ಎದ್ದು ನಿಂತಳು. ದನಿ ಏರಿಸಲಿಲ್ಲ. "ಟಿವಿಗೆ ಒಪ್ಪೂ ಸೀರಿ ಬೇಕಂದ್ರಿ, ನೇದು ಕೊಟ್ಟೀನ್ರಿ. ಉಡಾವರಿಗೆ ಒಪ್ಪೂ ಸೀರಿ ಮೊದಲಿಂದ ನಿಮ್ಮ ಕಪಾಟಿನ್ಯಾಗ ಐತಿ."

ಅನ್ನಪೂರ್ಣಾ ಕಂಪ್ಯೂಟರ್ ಬಿಟ್ಟು ಎದ್ದು ಬಂದು ಮಾವನ ಮುಂದೆ ಕೈ ಚಾಚಿದಳು. "ಮಾವಾರ, ರಿಮೋಟ್ ಕೊಡ್ರಿ."

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಕೊಟ್ಟರೆ ಗಿರಾಕಿಗಳೆದುರು ಸೊಸೆಗೆ ಸೋತಂತೆ. ಕೊಡದಿದ್ದರೆ ಗಿರಾಕಿಗಳೇ ಹೋಗುತ್ತಾರೆ, ಶಂಕ್ರವ್ವನ ದಡಿಯೂ ಹೋಗುತ್ತದೆ. ಕಡೆಗೆ ರಿಮೋಟು ತೆಗೆದು ಕೊಟ್ಟ. ಆ ಅಂಗಡಿಯಲ್ಲಿ ಅವನು ಮಾಡಿದ ಎಲ್ಲಕ್ಕಿಂತ ಕಠಿಣ ವ್ಯವಹಾರ ಅದೇ ಇರಬೇಕು.

ಅನ್ನಪೂರ್ಣಾಳಿಗೂ ಖಚಿತವಾಗಿ ಗೊತ್ತಿರಲಿಲ್ಲ. ಸೆಟ್ಟಿಂಗ್ ಎಂದಿದ್ದುದನ್ನು ಒತ್ತಿದಳು, ಪಿಕ್ಚರ್ ಎಂದಿದ್ದುದರೊಳಗೆ ಹೋದಳು. ಅಲ್ಲಿ ಚಿತ್ರದ ಅಳತೆ ಎಂಬ ಕಡೆ 'ಝೂಮ್' ಎಂದಿತ್ತು. ಗಟ್ಟಿಯಾಗಿ ಓದಿ, "ಇದನ್ನ ಯಾರು ಇಟ್ಟಿದ್ರು?" ಎಂದಳು.

ಕೇಳಬಾರದಿತ್ತು. ಆ ರಿಮೋಟು ಯಾರ ಜೇಬಿನಲ್ಲಿ ಮಲಗೇಳುತ್ತಿತ್ತು ಎಂಬುದು ಇಡೀ ಓಣಿಗೆ ಗೊತ್ತಿತ್ತು.

"ನಾನ" ಎಂದ ಈರಸಂಗಪ್ಪ ಮೆಲ್ಲಗೆ. "ಸಿನಿಮಾದ ಬಾಜೂಕ ಕರೇ ಪಟ್ಟಿ ಬರ್ತಿತ್ತು. ಅದಕ್ಕ ಒತ್ತಿದ್ದೆ."

ಅವಳು ಮುಂದಿನದನ್ನು ಒತ್ತಿದಳು, ಚಿತ್ರ ಚೌಕವಾಗಿ ಇಕ್ಕಟ್ಟಾಯಿತು. ಇನ್ನೊಂದು ಒತ್ತಿದಳು. 'ಸ್ಕ್ರೀನ್ ಫಿಟ್' ಎಂದು ಬಂತು. ಚಿತ್ರ ಒಂದು ಹೆಜ್ಜೆ ಹಿಂದೆ ಸರಿದ ಹಾಗೆ ಆಯಿತು. ಪರದೆ ತುಂಬಿಯೇ ಇತ್ತು, ತಳದಲ್ಲಿ ಗಡಿಯಾರ ಕಂಡಿತು. ಕಂಪ್ಯೂಟರ್ ಮೊದಲಿಂದಲೂ ಪೂರ್ತಿ ಚಿತ್ರವನ್ನೇ ಕಳಿಸುತ್ತಿತ್ತು, ಟಿವಿ ಅದನ್ನು ಹಿಗ್ಗಿಸಿ ನಾಲ್ಕೂ ಕಡೆ ಕತ್ತರಿಸಿ ತೋರಿಸುತ್ತಿತ್ತು. ಅಗಲ ದಡಿಯವರು ಅರ್ಧ ಕಳೆದುಕೊಂಡು ಬದುಕಿಕೊಂಡಿದ್ದರು. ಎರಡು ಬೆರಳಿನವಳು ಪೂರ್ತಿ ಹೋಗಿದ್ದಳು.

ಅನ್ನಪೂರ್ಣಾ ಶಂಕ್ರವ್ವನ ಹಳೆಯ ಸೀರೆಯ ಫೋಟೋ ತೆರೆದಳು. ಹುಣಸೆಬೀಜದ ಸಾಲು ತುದಿಯಲ್ಲಿ, ತನ್ನ ಜಾಗದಲ್ಲಿ ಇತ್ತು. ಹೊಸ್ತಿಲು ದಾಟಿದ್ದ ಕಾಶೀಬಾಯಿ ತಿರುಗಿ ನೋಡಿ ಚಪ್ಪಲಿ ಬಿಟ್ಟಳು.

ಸೀರೆ ಇಳಿಸಿದರು. ಮದುಮಗಳು ನಿರಿಗೆ ಹಿಡಿದು ನಿಂತಾಗ ದಡಿ ನೆಲಕ್ಕೆ ಹತ್ತಿ ನಿಂತಿತು. ಈ ಸಲ ಯಾರೂ ನಗಲಿಲ್ಲ. "ನಮ್ಮಜ್ಜಿ ಹಂತೇಕ ಇಂಥಾದೊಂದಿತ್ತು" ಎಂದಳು ಕಾಶೀಬಾಯಿ, ಬೀಗರ ಕಡೆಯ ಹೆಂಗಸರಿಗೂ ಇದೇ ದಡಿ ಬೇಕೆಂದಳು. ಶಂಕ್ರವ್ವನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ನೂಲಿನ ಗಂಟು ಎತ್ತಿಕೊಂಡಳು.

"ತಪ್ಪು ನಿಂದಲ್ಲ ಶಂಕ್ರವ್ವ, ನಂದು" ಎಂದ ಈರಸಂಗಪ್ಪ, ಎಲ್ಲರಿಗೂ ಕೇಳುವ ಹಾಗೆ. "ಮುಂದಿನ ಹಾಸು ನಿಮ್ಮವ್ವನ ದಡೀದ ಹಾಕು."

ಕೆಟ್ಟ ಸೀರೆಯ ಕೂಲಿಯನ್ನೂ ಅವನು ಪೂರ್ತಿ ಕೊಟ್ಟ. ಆ ಸೀರೆ ಇವತ್ತಿಗೂ ಅಂಗಡಿಯಲ್ಲಿದೆ. ಸಂಜೆ ಬಾಗಿಲು ಹಾಕುವಾಗ ಧೂಳು ಕೂಡದಂತೆ ಟಿವಿಗೆ ಹೊದಿಸುತ್ತಾರೆ. ಟಿವಿಗೆಂದು ನೇಯ್ದದ್ದು ಟಿವಿಗೇ ಆಯಿತು. ರಿಮೋಟು ಈಗ ಟಿವಿಯ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುತ್ತದೆ, ಬೇಕಾದವರು ಮುಟ್ಟಬಹುದು. ಭಾನುವಾರ ಮಧ್ಯಾಹ್ನ ಗಿರಾಕಿ ಇಲ್ಲದಾಗ ಈರಸಂಗಪ್ಪ ಹಳೆಯ ಸಿನಿಮಾ ಹಾಕಿಕೊಳ್ಳುತ್ತಾನೆ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಗೊಣಗುತ್ತಾನೆ, ಆದರೆ ಹಾಗೇ ನೋಡುತ್ತಾನೆ. ನಾಯಕಿಗೆ ಪಾದಗಳಿವೆ ಎಂದು ಅವನಿಗೆ ಈಗ ಗೊತ್ತಾಗಿದೆ.

ನೀತಿ: ಏನಾದರೂ ಕೆಟ್ಟು ನಿಂತಾಗ ಇನ್ನೊಬ್ಬರ ಕೈಕೆಲಸ ತಿದ್ದುವ ಮೊದಲು ನಿಮ್ಮ ಜೇಬು ನೋಡಿಕೊಳ್ಳಿ. ನೀವು ಎಂದೋ ಒತ್ತಿ ಮರೆತ ಗುಂಡಿಗಾಗಿ ಇನ್ನೊಬ್ಬರು ತಮ್ಮ ಮಗ್ಗ ಬದಲಿಸುವಂತಾಗಬಾರದು. ನಡುವಿನದು ತುಂಬಿ ಕಂಡರೆ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ, ತುದಿಯಲ್ಲಿದ್ದ ಯಾರನ್ನು ಕತ್ತರಿಸಿ ಹಾಕಿದ್ದೇವೆ ಎಂದೂ ನೋಡಿ.