ಟಾಕೀಸಿನ ಕೊನೆಯ ಆಟ

"ಮೇಷ್ಟ್ರೇ, ಬೇರೆಯವರ ಚಿತ್ರವನ್ನು ತುಂಬ ಮೆಚ್ಚಿಕೊಂಡರೆ ನನ್ನದು ಅನ್ನುವುದು ಉಳಿಯುತ್ತದೆಯೇ?" ಎಂದು ಶಿಷ್ಯ ಕೇಳಿದ.

ಅವನು ತನ್ನ ಮೊದಲ ಚಿತ್ರಕತೆ ಬರೆಯುತ್ತಿದ್ದ. ಬರೆದು ಮುಗಿಸುವವರೆಗೆ ಯಾರ ಚಿತ್ರವನ್ನೂ ನೋಡುವುದಿಲ್ಲವೆಂದು ಹಟ ಹಿಡಿದಿದ್ದ. ಜೊತೆಯಲ್ಲಿ ಕಲಿತ ಗೆಳೆಯನ ಚಿತ್ರ ತೋರಿಸಿದಾಗಲೂ ಹೋಗಿರಲಿಲ್ಲ. ಹೋಗಿ ನೋಡಿ, ಅದು ಚೆನ್ನಾಗಿದ್ದುಬಿಟ್ಟರೆ ಎಂಬ ಅಂಜಿಕೆ. ಮೇಷ್ಟ್ರಿಗೆ ಅದು ಗೊತ್ತಿತ್ತು.

"ಕೂತುಕೋ" ಎಂದು ಅವರು ಈ ಕತೆ ಹೇಳಿದರು.

ಫಿಲಿಪೀನ್ಸ್ ದೇಶದ ಒಂದು ದ್ವೀಪದಲ್ಲಿ ಆನ್ಸೆಲ್ಮೊ ಎಂಬ ಚಿತ್ರ ನಿರ್ದೇಶಕನಿದ್ದ. ತಂದೆ ಪ್ರಯಾಣಿಕರ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ. ಊರಿಗೆ ಇದ್ದದ್ದು ಒಂದೇ ಟಾಕೀಸು. ಹರೆಯದಲ್ಲಿ ಆನ್ಸೆಲ್ಮೊ ಅಲ್ಲಿ ಒಂದು ಚಿತ್ರ ನೋಡಿದ. ಕಡಲಿಗೆ ಹೋದ ಗಂಡ ಮರಳುವುದಿಲ್ಲ. ಹೆಂಡತಿ ಮುರಿದ ಹಳೆಯ ದೋಣಿಯೊಂದನ್ನು ತಾನೇ ಸರಿಮಾಡಿಕೊಂಡು ಅವನನ್ನು ಹುಡುಕಲು ಹೊರಡುತ್ತಾಳೆ. ಅಷ್ಟೇ ಕತೆ. ಹಾಡಿಲ್ಲ, ಹೊಡೆದಾಟವಿಲ್ಲ. ಟಾಕೀಸಿನಲ್ಲಿ ಬೆರಳೆಣಿಕೆಯ ಜನ. ಚಿತ್ರ ಮುಗಿದರೂ ಆನ್ಸೆಲ್ಮೊ ಏಳಲಿಲ್ಲ. ಬಾಗಿಲು ಕಾಯುವವನು ಬಂದು ಭುಜ ತಟ್ಟಿದ ಮೇಲೆ ಎದ್ದ.

ಮರುದಿನ ಇನ್ನೊಮ್ಮೆ ನೋಡಲು ಓಡಿದ. ಗೋಡೆಯ ಮೇಲೆ ಬೇರೆ ಚಿತ್ರದ ಪೋಸ್ಟರು ಅಂಟಿಸಿದ್ದರು. ಜನ ಬರಲಿಲ್ಲವೆಂದು ತೆಗೆದುಹಾಕಿದ್ದರು.

ಆ ಚಿತ್ರ ಅವನೊಳಗೆ ಉಳಿಯಿತು. ಅದನ್ನು ಮಾಡಿದವರ ಹೆಸರು ರೆಮೆದಿಯೋಸ್ ಎಂಬುದೂ ಉಳಿಯಿತು. ಆಮೇಲೆ ಅವನು ಎಷ್ಟೋ ಒಳ್ಳೆಯ ಚಿತ್ರ ನೋಡಿದ. ಎಷ್ಟೋ ಒಳ್ಳೆಯ ಜನರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ. ಯಾರ ಕೆಲಸ ಇಷ್ಟವಾದರೂ ಹೋಗಿ ಅವರಿಗೇ ಹೇಳಿ ಬರುತ್ತಿದ್ದ. ಕೊನೆಗೆ ತಾನೂ ಒಂದು ಚಿತ್ರ ಮಾಡಿದ. ಯಾವ ಕಂಪನಿಯೂ ಬೆನ್ನಿಗಿರಲಿಲ್ಲ. ಕ್ಯಾಮೆರಾ ಯಾರದೋ, ಬೆಳಕು ಸೂರ್ಯನದು. ನಟಿಸಿದವರು ಅಕ್ಕಪಕ್ಕದ ಮನೆಯವರು. ದೋಣಿ ರಿಪೇರಿ ಮಾಡುವ ಒಂದು ಕುಟುಂಬದ ಕತೆ. ಮುಗಿಸುವ ಹೊತ್ತಿಗೆ ಅವನ ತಲೆಯಲ್ಲಿ ಬಿಳಿ ಕೂದಲು ಕಾಣಿಸಿತ್ತು.

ಅಷ್ಟರಲ್ಲಿ ಟಾಕೀಸನ್ನು ಕೆಡವುವುದೆಂದು ತೀರ್ಮಾನವಾಯಿತು. ಮಾಲೀಕ ತೀರಿಕೊಂಡಿದ್ದ. ಅವನ ಹೆಂಡತಿ ಆನ್ಸೆಲ್ಮೊನನ್ನು ಕರೆಸಿ, "ಕೆಡವುವ ಮುಂಚೆ ಒಂದೇ ಒಂದು ಆಟ ನಿನಗೆ ಬಿಟ್ಟುಕೊಡುತ್ತೇನೆ. ನಿನ್ನ ಚಿತ್ರ ಹಾಕಿಕೋ. ಮರುದಿನ ಬೆಳಿಗ್ಗೆ ಕುರ್ಚಿ ಕೀಳಲು ಜನ ಬರುತ್ತಾರೆ" ಎಂದಳು.

ಊರಿಗೆಲ್ಲ ಸುದ್ದಿ ಹಬ್ಬಿತು. ನಟಿಸಿದವರು ಹೊಸ ಬಟ್ಟೆ ಹೊಲಿಸಿಕೊಂಡರು.

ಆ ದಿನಗಳಲ್ಲೇ ಅವನಿಗೆ ರೆಮೆದಿಯೋಸ್ ಪತ್ತೆಯಾದರು. ರಾಜಧಾನಿಯಲ್ಲಿ ಹಳೆಯ ಚಿತ್ರಗಳನ್ನು ಕಾಪಾಡಿಡುವ ಒಂದು ಉಗ್ರಾಣವಿತ್ತು. ಆ ಚಿತ್ರ ಇದೆಯೇ ಎಂದು ಅವನು ವರ್ಷಗಳಿಂದ ಅಲ್ಲಿ ವಿಚಾರಿಸುತ್ತಿದ್ದ. ಈಗ ಅಲ್ಲಿಯವರು, "ರೀಲು ಸಿಕ್ಕಿದೆ. ಮಾಡಿದವರು ಬಾಯಿಬಿಟ್ಟು ಕೇಳಿದರೆ ಕೊಡುತ್ತೇವೆ. ಅವರಿರುವುದು ನಿಮ್ಮ ಪಕ್ಕದ ದ್ವೀಪದಲ್ಲೇ" ಎಂದರು.

ಆನ್ಸೆಲ್ಮೊ ದೋಣಿ ಹತ್ತಿದ. ರೆಮೆದಿಯೋಸ್ ಮುದುಕಿಯಾಗಿದ್ದರು. ಶಾಲೆಯ ಬಳಿ ಮಕ್ಕಳಿಗೆ ತಿಂಡಿ ಮಾಡಿ ಮಾರುತ್ತಿದ್ದರು. ಊರವರು ಅವರನ್ನು ಲೋಲಾ ಎನ್ನುತ್ತಿದ್ದರು. ಅಲ್ಲಿಯ ಮಾತಿನಲ್ಲಿ ಲೋಲಾ ಎಂದರೆ ಅಜ್ಜಿ.

"ಲೋಲಾ, ನಿಮ್ಮ ಚಿತ್ರ ನೋಡಿ ನಾನು ಚಿತ್ರ ಮಾಡುವವನಾದೆ" ಎಂದ.

ಅವರ ಕೈ ಒಲೆಯ ಮುಂದೆ ನಿಂತಿತು. ಹೊಗಳಿಕೆಯ ಕಡೆ ಅವರ ಗಮನ ಹೋಗಲಿಲ್ಲ. "ಜನರ ನಡುವೆ ಕೂತು ನೋಡಿದೆಯಾ? ಅವರು ನಕ್ಕರಾ? ಅತ್ತರಾ? ಏನಾದರೂ ಮಾತಾಡಿದರಾ?" ಎಂದು ಕೇಳಿದರು. ಆಮೇಲೆ ಹೇಳಿದರು: "ನಾನು ಊರಿಂದ ಹೊರಟು ನಿಮ್ಮೂರಿನ ಟಾಕೀಸು ಮುಟ್ಟುವಷ್ಟರಲ್ಲಿ ತೆಗೆದುಬಿಟ್ಟಿದ್ದರು. ಜನರ ಜೊತೆ ಕೂತು ನನ್ನ ಚಿತ್ರವನ್ನು ನಾನು ನೋಡಿಯೇ ಇಲ್ಲ ಮಗಾ."

ಆನ್ಸೆಲ್ಮೊ ಒಲೆಯ ಪಕ್ಕದಲ್ಲಿ ಕೂತ. ಅವರು ಕೊಟ್ಟ ತಿಂಡಿ ತಿಂದು ಮರಳಿದ.

ದೋಣಿಯಲ್ಲಿ ಅವನ ಮನಸ್ಸು ಎರಡಾಯಿತು. ಇದ್ದದ್ದು ಒಂದೇ ಆಟ. ಅದಕ್ಕಾಗಿ ಅವನು ಅರ್ಧ ಆಯುಷ್ಯ ಕಾದಿದ್ದ. ತಾಯಿಯೂ ಕಾದಿದ್ದಳು. ದಡ ಸಿಕ್ಕಾಗಲೂ ತೀರ್ಮಾನವಾಗಿರಲಿಲ್ಲ. ದಡದಲ್ಲಿ ಸುಮ್ಮನೆ ಅಡ್ಡಾಡಿದ. ಟಾಕೀಸಿನ ಮುಂದೆ ಹೋಗಿ ನಿಂತ. ಇಲ್ಲಿಂದಲೇ ಅಲ್ಲವೇ ಅಂದು ಲೋಲಾ ಹಿಂದಿರುಗಿ ಹೋದದ್ದು ಎಂದು ಅನ್ನಿಸಿದ್ದೇ ತಡ, ನೇರ ಮನೆಗೆ ನಡೆದ.

"ಕೊನೆಯ ಆಟ ಲೋಲಾ ರೆಮೆದಿಯೋಸರದು" ಎಂದ.

ತಂಗಿ ಸಿಡಿದೆದ್ದಳು. "ಅಣ್ಣಾ, ಊರಿಗೆ ಊರೇ ನಿನ್ನ ಚಿತ್ರ ನೋಡಲು ಬರುತ್ತಿದೆ!"

"ಬರಲಿ. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಯಾವುದೆಂದು ಅವರೂ ನೋಡಲಿ."

ತಂಗಿ ಆ ದಿನವಿಡೀ ಅವನೊಡನೆ ಮಾತು ಬಿಟ್ಟಳು. ತಾಯಿ ಮಾತ್ರ, "ಆಕೆ ದೋಣಿಯಲ್ಲಿ ಬಂದರೆ ಕರೆದುತರಲು ಯಾರು ಹೋಗುತ್ತೀರಿ?" ಎಂದು ಕೇಳಿದಳು.

ಲೋಲಾ ತಾವೇ ಉಗ್ರಾಣದವರನ್ನು ಕೇಳಿ ರೀಲು ತರಿಸಿಕೊಟ್ಟರು. ಕೊನೆಯ ಆಟದ ಸಂಜೆ ಟಾಕೀಸು ತುಂಬಿತು. ಬೇರೆ ಚಿತ್ರವೆಂದು ತಿಳಿದು ಜನ ಗೊಣಗಿದರು. ಹೊಸ ಬಟ್ಟೆ ತೊಟ್ಟ ಒಬ್ಬ ಎದ್ದು ಹೊರಟೇಬಿಟ್ಟ. ರೆಮೆದಿಯೋಸ್ ಹಿಂದಿನ ಸಾಲಿನಲ್ಲಿ, ಆನ್ಸೆಲ್ಮೊನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರು ತೆರೆಯನ್ನು ನೋಡುತ್ತಿರಲಿಲ್ಲ, ಕಿವಿಗೊಡುತ್ತಿದ್ದರು.

ಮೊದಮೊದಲು ಕೆಮ್ಮು, ಕುರ್ಚಿಯ ಸದ್ದು. ಬರಬರುತ್ತಾ ಅದೂ ನಿಂತಿತು. ತೆರೆಯ ಮೇಲಿನ ಹೆಂಗಸು ದೋಣಿಯನ್ನು ನೀರಿಗೆ ನೂಕಿದಳು. ಅಲೆ ಬಂದು ದೋಣಿ ಓರೆಯಾಯಿತು. ಹಗ್ಗ ಅವಳ ಕೈಯಿಂದ ಜಾರತೊಡಗಿತು. ಮುಂದಿನ ಸಾಲಿನ ಮೀನುಗಾರನೊಬ್ಬ ಎದ್ದುನಿಂತು, "ಬಿಡಬೇಡ ತಾಯಿ, ಹಗ್ಗ ಬಿಡಬೇಡ!" ಎಂದು ಕೂಗಿದ.

ಮುದುಕಿ ಆನ್ಸೆಲ್ಮೊನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ಕೇಳಿಸಿತಾ? ಅವಳನ್ನು ಮಾತಾಡಿಸಿದರು" ಎಂದರು. ಆಮೇಲೆ ತಲೆಯೆತ್ತಿ ಕೊನೆಯವರೆಗೂ ನೋಡಿದರು.

ಮರುದಿನ ಕುರ್ಚಿಗಳನ್ನು ಕಿತ್ತರು. ಟಾಕೀಸು ನೆಲಸಮವಾಯಿತು.

ಆನ್ಸೆಲ್ಮೊ ತನ್ನ ಚಿತ್ರವನ್ನು ಬೇಸಿಗೆಯಲ್ಲಿ ಮೀನು ಹರಾಜಿನ ಕಟ್ಟೆಯ ಬಳಿ, ಸುಣ್ಣ ಬಳಿದ ಗೋಡೆಯ ಮೇಲೆ ತೋರಿಸಿದ. ಗಾಳಿಗೆ ಅರ್ಧ ಮಾತು ಕೇಳಿಸಲಿಲ್ಲ. ಆದರೂ ಜನ ಕದಲಲಿಲ್ಲ. ರೆಮೆದಿಯೋಸ್ ದೋಣಿ ಹತ್ತಿ ಬಂದಿದ್ದರು. ಎಲ್ಲರಿಗಿಂತ ಮುಂದೆ ಕೂತು ನೋಡಿದರು.

"ನಡುವೆ ಸ್ವಲ್ಪ ಎಳೆದಿದ್ದೀಯ" ಎಂದರು. "ಆದರೆ ಆ ತಾಯಿ ಗಂಡನ ಅಂಗಿಯ ಗ್ರೀಸು ತೊಳೆಯುತ್ತಾ ನಗುತ್ತಾಳಲ್ಲ, ಅದು ನನಗೆ ಹೊಳೆಯುತ್ತಿರಲಿಲ್ಲ. ಅದು ನಿನ್ನದೇ."

ಮೇಷ್ಟ್ರು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು.

"ಎಂಥ ಮನುಷ್ಯ, ಮೇಷ್ಟ್ರೇ! ಅಷ್ಟು ದೊಡ್ಡ ಮನಸ್ಸು ಯಾರಿಗಿರುತ್ತದೆ!" ಎಂದ.

"ಈಗ ಅವನನ್ನು ಇಷ್ಟು ಮೆಚ್ಚಿಕೊಂಡೆಯಲ್ಲ, ನಿನ್ನದು ಏನು ಕಡಿಮೆಯಾಯಿತು?" ಎಂದರು ಮೇಷ್ಟ್ರು.